ಅದಕ್ಕೇನಂತೆ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡು ಹದಿನೈದು ದಿನವಾದ ಮೇಲೆ ಮುಳಬಾಗಿಲಿನ ದೊಡ್ಡವರಿಗೆಲ್ಲ ಅವರು ಮಹಾನುಭಾವರೆಂದು ಇದ್ದಕ್ಕಿದ್ದಂತೆ ಹೊಳೆಯಿತು. ಶಾಲೆಯ ಹಾಲಿನಲ್ಲಿ ಸಂತಾಪ ಸಭೆ ಇಟ್ಟರು. ಸಭೆಗೆ ಒಂದು ಪಟ ಬೇಕಲ್ಲ, ಬದುಕಿದ್ದಾಗ ಅವರದೊಂದು ಫೋಟೋ ತೆಗೆಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹಿಂದೆ ಯಾವಾಗಲೋ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರು ಬಂದಾಗ ತೆಗೆಸಿದ್ದ ಗುಂಪಿನ ಫೋಟೋದಿಂದ ಅವರನ್ನು ಮಾತ್ರ ಬೇರೆ ಮಾಡಿ ದೊಡ್ಡದು ಮಾಡಿಸಿದ್ದರು. ಹಾರದ ಪಕ್ಕದಲ್ಲಿ ಇನ್‌ಸ್ಪೆಕ್ಟರ ಮೊಣಕೈ ಹಾಗೇ ಉಳಿದುಕೊಂಡಿತ್ತು. ಮೇಷ್ಟ್ರು ಎಂದಿನಂತೆ ಅದಕ್ಕೆ ಜಾಗ ಬಿಟ್ಟುಕೊಟ್ಟು ಓರೆಯಾಗಿ ನಿಂತಿದ್ದರು.

ಭಾಷಣಗಳಾದವು. ಅಕ್ಕಿ ಗಿರಣಿಯ ಯಜಮಾನರು ಎದ್ದು, "ನಮ್ಮ ಗುರುಗಳು ಜೀವಮಾನದಲ್ಲಿ ಯಾರಿಗೂ ಇಲ್ಲ ಅಂದವರಲ್ಲ" ಎಂದರು. ಪುರಸಭೆಯ ಸದಸ್ಯರೊಬ್ಬರು ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಹೆಡ್‌ಮಾಸ್ಟರು ಅದನ್ನೇ ಹೇಳಿ ಕಣ್ಣೊರೆಸಿಕೊಂಡರು. ಇವರಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು! ಮೂವತ್ತು ವರ್ಷ ಆ ಮನುಷ್ಯನ ಹತ್ತಿರ ಕೇಳಿಕೊಂಡು ಹೋದವರೇ ಇವರು. ಆಮೇಲೆ ನನ್ನನ್ನು ಕರೆದರು. ಕೋಲಾರದ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವವಳು, ಅವರ ಶಿಷ್ಯೆ, ಜರಿಯಂಚಿನ ಸೀರೆ ಉಟ್ಟುಕೊಂಡು ಬಂದಿದ್ದೇನೆ, ಸುಮ್ಮನೆ ಬಿಟ್ಟಾರೆಯೇ? ನಾನೂ ಎದ್ದು ನಿಂತು, ನಮ್ಮ ಮೇಷ್ಟ್ರು ಯಾರಿಗೂ ಇಲ್ಲ ಅಂದವರಲ್ಲ ಎಂದೆ. ಚಪ್ಪಾಳೆ ಬಿತ್ತು.

ಸುಳ್ಳು. ಒಂದು ಸಲ ಅಂದಿದ್ದರು. ಬಾಗಿಲ ಹಿಂದೆ ಮೊರ ಹಿಡಿದುಕೊಂಡು ನಾನೇ ಕೇಳಿಸಿಕೊಂಡಿದ್ದೆ.

ಮೊದಲು ಅವರ ಪಾಠದ ವಿಷಯ ಹೇಳಿಬಿಡುತ್ತೇನೆ. ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಇದ್ದ ಅತಿ ದೊಡ್ಡ ಮೋಹವೆಂದರೆ ಮಾತಿನ ಮುಂದೆ ಒಂದು ಚೂರು ಅಂಟಿಸಿ ಅದನ್ನು ಉಲ್ಟಾ ಮಾಡುವುದು. ಹ್ಯಾಪಿಗೆ ಅನ್, ಕರೆಕ್ಟಿಗೆ ಇನ್, ಒಬೇಗೆ ಡಿಸ್, ಬಿಹೇವಿಗೆ ಮಿಸ್. "ನಾವು ಕನ್ನಡದೋರು, ತೆಲುಗಿನೋರು ಮಾತೆಲ್ಲ ಆಡಿ ಕೊನೇಲಿ ಇಲ್ಲ ಅಂತೀವಿ. ಕೇಳೋನು ಪಾಪ ಕೊನೇವರೆಗೂ ಆಸೆ ಇಟ್ಕೊಂಡು ಕಾಯ್ತಿರ್ತಾನೆ. ಇಂಗ್ಲಿಷಿನೋನು ಹಂಗಲ್ಲ ಕಣ್ರೋ, ಬಾಗಿಲಲ್ಲೇ ಹೇಳಿಬಿಡ್ತಾನೆ" ಎನ್ನುತ್ತಿದ್ದರು. ಹೀಗೆ ಹೇಳಿ ತಮ್ಮ ಮುಚ್ಚುಗೊರಳಿನ ಕೋಟಿನ ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ಸೀನು ಬರುವವರೆಗೆ ಪಾಠ ನಿಲ್ಲಿಸುತ್ತಿದ್ದರು. ಅವರ ಸೀನಿಗಾಗಿ ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು.

ಬಾಯಿಪಾಠ ಮಾಡಿಸಿದ್ದರೆ ಎಲ್ಲ ಮೇಷ್ಟ್ರುಗಳ ಹಾಗೆ ಇವರೂ ಮರೆತುಹೋಗುತ್ತಿದ್ದರು. ಇವರು ಬೆಂಚುಗಳನ್ನೇ ಹಂಚಿಬಿಟ್ಟಿದ್ದರು. ಮೊದಲನೆಯದು ಅನ್ ಬೆಂಚು. ಎರಡನೆಯದು ಇನ್ ಬೆಂಚು, ಅದಕ್ಕೆ ಮನೆ ತುಂಬ ಮಕ್ಕಳು: ಲ ಬಂದರೆ ಇಲ್, ರ ಬಂದರೆ ಇರ್. "ಪ, ಮ ಎದುರಿಗೆ ಬಂದ್ರೆ ತುಟಿ ಮುಚ್ಕೊಂಡೇ ಹೋಗ್ಬೇಕು, ಇಮ್" ಎಂದು ತಾವೇ ತುಟಿ ಮುಚ್ಚಿ ತೋರಿಸುತ್ತಿದ್ದರು. ಮೂರನೆಯದು ಡಿಸ್, ನಾಲ್ಕನೆಯದು ಮಿಸ್. ಮೇಷ್ಟ್ರು ಒಂದು ಮಾತು ಕೂಗುತ್ತಲೂ ಆ ಮಾತು ಯಾವ ಬೆಂಚಿನದೋ ಆ ಬೆಂಚು ಇಡಿಯಾಗಿ ಎದ್ದು ನಿಂತು ಉಲ್ಟಾ ಮಾತನ್ನು ಹೇಳಬೇಕು. ಏಳಬಾರದ ಬೆಂಚು ಎದ್ದರೆ ಅಷ್ಟೂ ಜನಕ್ಕೆ ಬೆತ್ತ. ಒಬ್ಬ ತಪ್ಪಿದರೆ ಇಡೀ ಬೆಂಚಿಗೆ ಬೀಳುತ್ತಿದ್ದರಿಂದ, ಮನೆಯಲ್ಲಿ ಅಪ್ಪ ಅಮ್ಮ ಹೇಳಿದರೂ ಓದದವರನ್ನು ಪಕ್ಕದವರು ಗುದ್ದಿ ಓದಿಸುತ್ತಿದ್ದರು.

ಆ ಬೆಂಚಿನ ಹೆಸರುಗಳು ದೊಡ್ಡವರಾದ ಮೇಲೂ ಬಿಡಲಿಲ್ಲ. ಸಂತಾಪ ಸಭೆಯಲ್ಲಿ ಮಾತಾಡಿದ ಗಿರಣಿ ಯಜಮಾನರನ್ನು ಊರೆಲ್ಲ ಎದುರಿಗೆ ಸಾಹುಕಾರ್ರೇ ಎನ್ನುತ್ತದೆ, ಬೆನ್ನು ತಿರುಗಿಸಿದರೆ ಡಿಸ್ಸು. ಪುರಸಭೆ ಸದಸ್ಯರು ಮಿಸ್ ಬೆಂಚಿನವರು, ಅದು ಅವರ ಆಡಳಿತ ನೋಡಿದವರಿಗೆಲ್ಲ ಗೊತ್ತು.

ನನಗೆ ಬೆಂಚಿರಲಿಲ್ಲ. ಹೆಣ್ಣುಮಕ್ಕಳು ಇಬ್ಬರೇ, ಮೇಷ್ಟ್ರ ಮೇಜಿನ ಪಕ್ಕ ಚಾಪೆ. ನನ್ನ ಜೊತೆಯವಳು ಎರಡನೆಯ ವರ್ಷ ಗಂಡನ ಮನೆಗೆ ಹೋದಳು, ಆಮೇಲೆ ಇಡೀ ಚಾಪೆ ನನ್ನದೇ. ಎಲ್ಲರಿಗೂ ಒಂದೊಂದು ಕೊಟ್ಟು ನನಗೇನೂ ಕೊಡಲಿಲ್ಲವೆಂದು ಒಂದು ದಿನ ಅತ್ತೆ. ಮೇಷ್ಟ್ರು ತಲೆ ಕೆರೆದುಕೊಂಡರು. "ಅಳಬೇಡ ಕಣಮ್ಮ. ಇವು ಯಾವುದನ್ನೂ ಅಂಟಿಸೋಕಾಗದ ಮಾತುಗಳು ಇರ್ತಾವೆ ನೋಡು, ಬಿಗ್, ಟಾಲ್, ಬ್ರೇವ್. ಅವೆಲ್ಲ ನಿನ್ನವು" ಎಂದರು. ಅಂದಿನಿಂದ ಅವರು ಬ್ರೇವ್ ಎಂದು ಕೂಗಿದರೆ ನಾಲ್ಕು ಬೆಂಚೂ ಕೂತಿರುತ್ತಿತ್ತು, ಚಾಪೆಯ ಮೇಲೆ ನಾನೊಬ್ಬಳು ಎದ್ದು ನಿಲ್ಲುತ್ತಿದ್ದೆ. ನನಗೆ ಎಂಥ ಜಂಬ ಬಂತೆಂದರೆ ಮನೆಯಲ್ಲಿ ನೀರು ತಾ ಎಂದರೂ ಯೋಚಿಸಿ ಏಳುತ್ತಿದ್ದೆ.

ಈ ಏರ್ಪಾಡಿನಿಂದ ಮೇಷ್ಟ್ರ ಕೆಲಸಕ್ಕೇ ಒಂದು ಸಲ ಕುತ್ತು ಬರಬೇಕಿತ್ತು. ಆಗಲೇ ಹೇಳಿದ ಮೊಣಕೈಯ ಇನ್‌ಸ್ಪೆಕ್ಟರು ತಪಾಸಣೆಗೆ ಬಂದರು. ಬೂಟು, ಟೈ, ಹಿಂದೆ ಹೆಡ್‌ಮಾಸ್ಟರು. ಒಳಗೆ ಬಂದವರೇ ಇಂಗ್ಲಿಷಿನಲ್ಲಿ, ಈ ದಿನ ಬಹಳ ಪ್ಲೆಸೆಂಟ್ ಆಗಿದೆ ಎಂದರು. ಅನ್ ಬೆಂಚು ದಡಕ್ಕನೆ ಎದ್ದಿತು, ಆ ಸದ್ದಿನಲ್ಲಿ ಅದು ಹೇಳಿದ ಉಲ್ಟಾ ಮಾತು ಅವರಿಗೆ ಕೇಳಿಸಲಿಲ್ಲ. ಇನ್‌ಸ್ಪೆಕ್ಟರಿಗೆ ಸಂತೋಷವಾಯಿತು, ಗೌರವ ಕೊಡುವ ಮಕ್ಕಳೆಂದುಕೊಂಡರು. ಮಿಕ್ಕವರು ಕೂತೇ ಇದ್ದುದನ್ನು ಕಂಡು ಹುಬ್ಬು ಗಂಟಿಕ್ಕಿ, ನಾನು ಸ್ಯಾಟಿಸ್‌ಫೈಡ್ ಆಗಬೇಕಾದರೆ, ಎಂದು ಶುರು ಮಾಡಿದರು. ಡಿಸ್ ಬೆಂಚು ಎದ್ದಿತು. ಎಲ್ಲವೂ ರೆಗ್ಯುಲರ್ ಆಗಿರಬೇಕು ಎಂದರು. ಇನ್ ಬೆಂಚು ಎದ್ದು ತುಂಬು ಕಂಠದಿಂದ ಇರ್‌ರೆಗ್ಯುಲರ್ ಎಂದಿತು. ನೀವೆಲ್ಲ ನನ್ನನ್ನು ಅಂಡರ್‌ಸ್ಟ್ಯಾಂಡ್ ಮಾಡಿದಿರಾ ಎಂದು ಅವರು ಗುಡುಗಿದ್ದೇ ತಡ, ಮಿಸ್ ಬೆಂಚೂ ಎದ್ದುಬಿಟ್ಟಿತು. ಹೆಡ್‌ಮಾಸ್ಟರ ಮುಖದಲ್ಲಿ ರಕ್ತವೇ ಇರಲಿಲ್ಲ. ಮೇಷ್ಟ್ರು ಮಾತ್ರ ಒಂದು ಮೂಲೆಯಲ್ಲಿ ನಿಂತು, ಒಂದೂ ತಪ್ಪಿಲ್ಲವೆಂದು ಬೆರಳಲ್ಲಿ ಲೆಕ್ಕ ಹಾಕುತ್ತಿದ್ದರು.

ಇನ್‌ಸ್ಪೆಕ್ಟರು ಹೊರಗೆ ಹೋಗಿ ವಿವರಣೆ ಕೇಳಿದರು. ಮೇಷ್ಟ್ರು ವಿವರಿಸಿದರು. ಇಂಥ ಪದ್ಧತಿ ಇಡೀ ಸಂಸ್ಥಾನದಲ್ಲಿ ಇಲ್ಲ, ಇದರ ಮೇಲೆ ಒಂದು ಲೇಖನ ಬರೆದುಕೊಡಿ ಎಂದರಂತೆ. "ಅದಕ್ಕೇನಂತೆ" ಎಂದು ಮೇಷ್ಟ್ರು ರಾತ್ರಿ ಹಗಲು ಕೂತು ಬರೆದುಕೊಟ್ಟರು. ಲೇಖನ ಅಚ್ಚಾಯಿತು, ಕೆಳಗೆ ಇನ್‌ಸ್ಪೆಕ್ಟರ ಹೆಸರಿತ್ತು. ನಮ್ಮ ಹೆಡ್‌ಮಾಸ್ಟರು ಅದನ್ನು ಮೇಷ್ಟ್ರಿಗೇ ಓದಲು ಕೊಟ್ಟು, ನೋಡಿ ಕಲಿತುಕೊಳ್ಳಿ ಎಂದರು. "ಅದಕ್ಕೇನಂತೆ" ಎಂದರು ಮೇಷ್ಟ್ರು.

ಅದಕ್ಕೇನಂತೆ! ದಿನವಿಡೀ ಉಲ್ಟಾ ಮಾತು ಕಲಿಸುವ ಆ ಮನುಷ್ಯನಿಗೆ ಸ್ವಂತ ಬಳಕೆಗೆ ಇದ್ದದ್ದು ಇದೊಂದೇ ಮಾತು. ಜವಾನ ಬರದಿದ್ದರೆ ಗಂಟೆ ನೀವೇ ಹೊಡೀರಿ ಮೇಷ್ಟ್ರೇ, ಅದಕ್ಕೇನಂತೆ. ನನ್ನ ಭಾವಮೈದನಿಗೆ ಭಾನುವಾರ ಪಾಠ ಹೇಳಿ ಎಂದು ಇನ್ನೊಬ್ಬರು, ಅದಕ್ಕೇನಂತೆ. ಒಂದು ಸಲ ತಾಯಲೂರಿಗೆ ಹೊರಟಿದ್ದ ಯಾರೋ, ಮುಖಪರಿಚಯವೂ ಇಲ್ಲದವನು, ಇವರ ಕೊಡೆ ಕೇಳಿದ. ಕೊಟ್ಟರು. ಆ ಸಲದ ಮಳೆಗಾಲವೆಲ್ಲ ಮೇಷ್ಟ್ರು ತೊಪ್ಪನೆ ತೊಯ್ದುಕೊಂಡು ಶಾಲೆಗೆ ಬಂದರು. ಅವರ ಹೆಂಡತಿ, ಮಾತಿನ ಮಲ್ಲಿ, ನಮ್ಮಜ್ಜಿಯ ಹತ್ತಿರ ಬಂದು ಹಣೆ ಚಚ್ಚಿಕೊಳ್ಳುತ್ತಿದ್ದರು. "ಈಯನಕಿ ಲೇದು ಅನೇ ಮಾಟೇ ರಾದಮ್ಮಾ! ಇಲ್ಲ ಅನ್ನೋ ಮಾತೇ ಇವ್ರ ಬಾಯಲ್ಲಿ ಬರೋಲ್ಲ. ನಾಳೆ ಯಾರಾದ್ರೂ ಬಂದು ಹೆಂಡ್ತಿ ಕೊಡಿ ಅಂದ್ರೂ ಅದಕ್ಕೇನಂತೆ ಅಂತಾರೆ, ನೋಡ್ತಿರಿ."

ಅವರು ನಮ್ಮಜ್ಜಿಯ ಹತ್ತಿರ ಬಂದು ಹೇಳಿಕೊಳ್ಳಲು ಕಾರಣ, ನಮ್ಮ ಮನೆಯ ಬೀದಿ ಕಡೆಯ ಎರಡು ಕೋಣೆಯಲ್ಲೇ ಅವರು ಇದ್ದದ್ದು. ಮನೆ ತಾತನದು. ತಾತ ಹಳೇ ಶಾನುಭೋಗರು, ಕೆಲಸ ಬಿಟ್ಟರೂ ಹುಕುಂ ಬಿಟ್ಟವರಲ್ಲ. ನಮ್ಮಪ್ಪ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರು, ಮಾಲೂರು, ಶ್ರೀನಿವಾಸಪುರ ಎಲ್ಲ ಸುತ್ತಿ ಆಗ ಕೋಲಾರದಲ್ಲಿದ್ದರು. ಅಪ್ಪನಿಗೆ ತಾತ ಕಳಿಸುವ ಕಾಗದಗಳನ್ನೆಲ್ಲ ಬರೆಯುತ್ತಿದ್ದುದು ಮೇಷ್ಟ್ರೇ. ತಾತ ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಹೇಳುವುದು, ಮೇಷ್ಟ್ರು ಕೆಳಗೆ ಕೂತು ಇಂಗ್ಲಿಷಿನಲ್ಲಿ ಬರೆಯುವುದು. ಕನ್ನಡದಲ್ಲಿ ಬಂದ ಕಾಗದವನ್ನು ಅಪ್ಪ ಜೇಬಿಗೆ ಹಾಕಿಕೊಂಡು ಮರೆಯುತ್ತಿದ್ದರು, ಇಂಗ್ಲಿಷಿನಲ್ಲಿ ಬಂದರೆ ಎದ್ದು ನಿಂತು ಓದುತ್ತಿದ್ದರು. ಇದು ತಾತನಿಗೆ ಗೊತ್ತಿತ್ತು.

ನಾನು ಮಿಡ್ಲ್ ಸ್ಕೂಲು ಮುಗಿಸಿದಾಗ ಹದಿಮೂರು ವರ್ಷ. ತಾತ ಗಂಡು ನೋಡಿಟ್ಟಿದ್ದರು, ಶ್ರೀನಿವಾಸಪುರದ ಕಡೆ, ಎರಡನೆಯ ಸಂಬಂಧ. ಮಾವಿನ ತೋಪು ಎಷ್ಟು ದೊಡ್ಡದೆಂದರೆ, ಅದರ ನೆರಳಿನಲ್ಲಿ ಗಂಡಿನ ವಯಸ್ಸೂ ತೀರಿಹೋದ ಮೊದಲನೆಯ ಹೆಂಡತಿಯೂ ನಮ್ಮ ತಾತನಿಗೆ ಕಾಣಿಸುತ್ತಿರಲಿಲ್ಲ. ನಾನು ಓದಬೇಕು ಎಂದು ಊಟ ಬಿಟ್ಟೆ. ಅಪ್ಪ ಬಂದರು. ತಾವಾಗಿ ಒಂದು ತೀರ್ಮಾನ ಮಾಡುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. "ಮೇಷ್ಟ್ರನ್ನ ಕೇಳೋಣ. ಇವಳಿಗೆ ಓದು ಹತ್ತುತ್ತೆ ಅಂತ ಅವರು ಬರೆದ್ರೆ ಕೋಲಾರಕ್ಕೆ ಕರ್ಕೊಂಡು ಹೋಗ್ತೀನಿ. ಹತ್ತೋಲ್ಲ ಅಂದ್ರೆ ಅಪ್ಪ ಹೇಳಿದ ಕಡೆ ಕೊಟ್ಟುಬಿಡೋಣ" ಎಂದು ಹೇಳಿ ಬಸ್ಸು ಹತ್ತಿದರು. ನನ್ನ ಹಣೆಬರಹವನ್ನು ಬರೆಯುವ ಕೆಲಸ ಅದಕ್ಕೇನಂತೆ ಮೇಷ್ಟ್ರಿಗೆ ಬಿತ್ತು. 

ಮಾರನೆಯ ದಿನ ಮಧ್ಯಾಹ್ನ ತಾತ ಕೂಗಿದರು. ಮೇಷ್ಟ್ರು ಮಸಿ ಕುಡಿಕೆ, ಲೇಖನಿ, ಕಾಗದ ತೆಗೆದುಕೊಂಡು ಬಂದು ಕೆಳಗೆ ಕೂತರು. ನಾನು ಅರೆ ತೆರೆದ ಬಾಗಿಲ ಹಿಂದೆ ರಾಗಿ ಕೇರುತ್ತಿದ್ದೆ. ಕೇರುತ್ತಿದ್ದೆ ಎಂದೇನು, ಮೊರ ಕೈಯಲ್ಲಿತ್ತು ಅಷ್ಟೆ.

"ಬರೀರಿ ಮೇಷ್ಟ್ರೇ. ಈ ಹುಡುಗಿಗೆ ಓದು ತಲೆಗೆ ಹತ್ತೋಲ್ಲ, ಹೈಸ್ಕೂಲಿಗೆ ಕಳಿಸಿದ್ರೆ ದಂಡ, ಅಂತ" ಎಂದರು ತಾತ.

"ಅದಕ್ಕೇನಂತೆ" ಎಂದರು ಮೇಷ್ಟ್ರು.

ಮೇಷ್ಟ್ರ ಮೇಲೆ ನನಗೆ ಅಂಥ ಸಿಟ್ಟು ಅದಕ್ಕೆ ಮುಂಚೆ ಬಂದಿರಲಿಲ್ಲ. ನನಗೆ ಬ್ರೇವ್ ಕೊಟ್ಟು ಎದ್ದು ನಿಲ್ಲಿಸಿದ ಮುದಿಗೂಬೆ, ನನ್ನನ್ನು ಎರಡು ಕೋಣೆಗೆ ಮಾರಿಬಿಟ್ಟಿತಲ್ಲ ಎಂದುಕೊಂಡೆ.

ತಾತ ಉತ್ಸಾಹದಿಂದ ಮುಂದುವರಿಸಿದರು. "ಚೆನ್ನಾಗಿ ಬರೀರಿ. ಗೋಡೆ ಆಚೆಯಿಂದ ದಿನಾ ಕೇಳಿಸ್ತಿರುತ್ತಲ್ಲ ನಿಮ್ಮ ಮಂತ್ರ, ಅನ್ನು, ಡಿಸ್ಸು, ಮಿಸ್ಸು, ಎಲ್ಲಾ ಹಾಕಿ. ಒಂದೂ ಬಿಡಬೇಡಿ. ಓದಿದ ತಕ್ಷಣ ನನ್ನ ಮಗನಿಗೆ ಇನ್ನು ಆಸೆ ಇರಬಾರದು."

ಮೇಷ್ಟ್ರು ಮೇಲ್ಗಡೆ ಊರಿನ ಹೆಸರು ಬರೆದರು. ಮಾನ್ಯರೇ ಎಂದು ಬರೆದಿರಬೇಕು, ಅಷ್ಟು ಹೊತ್ತು ಲೇಖನಿ ಕೆರೆದ ಸದ್ದು ಕೇಳಿಸಿತು. ಆಮೇಲೆ ನಿಂತಿತು. ನಶ್ಯದ ಡಬ್ಬಿ ತೆಗೆದರು. ಚಿಟಿಕೆ ಏರಿಸಲಿಲ್ಲ, ಮುಚ್ಚಳ ಹಾಕಿ ಮತ್ತೆ ಒಳಗಿಟ್ಟರು.

"ಇಲ್ಲ ಯಜಮಾನ್ರೇ" ಎಂದರು.

"ಏನು ಇಲ್ಲ? ಮಸಿ ಇಲ್ವ?"

"ಮಸಿ ಇದೆ. ನಾನು ಬರೆಯೋಲ್ಲ."

ತಾತನಿಗೆ ಕಿವಿ ಮಂದ ಇರಲಿಲ್ಲ, ಆದರೂ ಕೈ ಕಿವಿಗೆ ಹೋಯಿತು. "ಏನಂದ್ರಿ?"

"ಬರೆಯೋಲ್ಲ ಅಂದೆ. ಅದು ಸುಳ್ಳು. ನಿಮ್ಮ ಮೊಮ್ಮಗಳಷ್ಟು ಓದೋ ಮಗು ನನ್ನ ಕೈಕೆಳಗೆ ಇನ್ನೊಂದು ಬಂದಿಲ್ಲ." ಅವರ ಧ್ವನಿ ನಡುಗುತ್ತಿತ್ತು. ಬೈಯಿಸಿಕೊಳ್ಳುವ ಹುಡುಗನ ಹಾಗೆ ತಲೆ ತಗ್ಗಿಸಿಕೊಂಡೇ ಹೇಳಿದರು, ಆದರೆ ಪೂರ್ತಿ ಹೇಳಿದರು.

ಬೀದಿ ಕೋಣೆಯ ಹೊಸ್ತಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಕೈ ಕೆನ್ನೆಗೆ ಹೋಗಿತ್ತು. "ವಚ್ಚಿಂದಿ" ಎಂದರು ಮೆಲ್ಲಗೆ. ಬಂತು, ಎಂದು.

ತಾತನ ಮುಖ ಕೆಂಡವಾಯಿತು. "ನನ್ನ ಸೂರಿನ ಕೆಳಗಿದ್ಕೊಂಡು ನನಗೇ ಇಲ್ಲ ಅಂತೀರೇನ್ರೀ? ನಾಳೆ ಬೆಳಿಗ್ಗೆ ಮನೆ ಖಾಲಿ ಮಾಡಿ."

"ಅದಕ್ಕೇನಂತೆ" ಎಂದರು ಮೇಷ್ಟ್ರು. ಮಸಿ ಕುಡಿಕೆಗೆ ಮುಚ್ಚಳ ಹಾಕಿ ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಒಂದು ಎತ್ತಿನ ಗಾಡಿಗೆ ಸಂಸಾರವೆಲ್ಲ ಹಿಡಿಸಿತು. ಅವರ ಹೆಂಡತಿಯ ಮುಖದಲ್ಲಿ ಮನೆ ಬಿಡುವ ದುಃಖ ಎಳ್ಳಷ್ಟೂ ಇರಲಿಲ್ಲ, ಗಂಡನಿಗೆ ದೊಡ್ಡ ಬಡ್ತಿ ಬಂದವರ ಹಾಗೆ ಗಾಡಿ ಹತ್ತಿದರು. ಹೋಗಿ ಸೇರಿದ್ದು ಎಣ್ಣೆ ಗಾಣದ ಹಿಂದಿನ ಒಂದು ಕೋಣೆಗೆ. ಹೊಗೆ, ಹಿಂಡಿಯ ವಾಸನೆ, ದಿನವಿಡೀ ಗಾಣದ ಕಿರಿಕಿರಿ. ಹದಿಮೂರು ವರ್ಷ ಅಲ್ಲೇ ಇದ್ದರು. ನಮ್ಮ ಬೀದಿ ಕೋಣೆಗಳಲ್ಲಿ ಆಮೇಲೆ ತಾತ ಹುಣಸೇಹಣ್ಣು ತುಂಬಿದರು.

ಆ ಭಾನುವಾರವೇ ಮೇಷ್ಟ್ರು ಕೋಲಾರಕ್ಕೆ ಹೋದರಂತೆ. ಇದನ್ನು ಅಪ್ಪ ಹೇಳಿದ್ದು. ಬಸ್ಸಿನಲ್ಲಿ ಯಾರೋ ಜಾಗ ಕೇಳಿದರೆಂದು ಎದ್ದುಕೊಟ್ಟು ಕೋಲಾರದವರೆಗೂ ನಿಂತುಕೊಂಡೇ ಬಂದಿದ್ದರು. ಅಪ್ಪನ ಮನೆಯಲ್ಲೂ ಕೂರಲಿಲ್ಲ. "ನಿಮ್ಮ ಮಗಳು ಓದ್ತಾಳೆ. ನಿಮ್ಮ ತಂದೆಯವರು ಬೇರೆ ಹೇಳಿದ್ರೆ ಅದು ಅವರ ಮಾತು, ನನ್ನದಲ್ಲ. ಬರ್ತೀನಿ" ಎಂದು, ಕೊಟ್ಟ ನೀರು ಕುಡಿದು ಹೊರಟುಬಿಟ್ಟರು. ಇಂಗ್ಲಿಷಿನಲ್ಲೇ ಹೇಳಿದರೇ ಎಂದು ಅಪ್ಪನನ್ನು ಕೇಳಿದೆ. ಇಲ್ಲ, ಕನ್ನಡದಲ್ಲಿ. ಆದರೂ ಅಪ್ಪ ಎದ್ದು ನಿಂತು ಕೇಳಿಸಿಕೊಂಡಿದ್ದರು.

ನಾನು ಕೋಲಾರಕ್ಕೆ ಹೋದೆ. ಓದಿದೆ. ಬೆಂಗಳೂರಿಗೂ ಹೋಗಿ ಓದಿ ಬಂದೆ. ಕೆಲಸ ಸಿಕ್ಕಿತು, ಮದುವೆಯಾಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸಂತಾಪ ಸಭೆಯಲ್ಲಿ ಹೇಳಬಹುದಾದ ಕಥೆ. ಆ ದಿನ ವೇದಿಕೆಯ ಮೇಲೆ ನಾನು ಇದನ್ನು ಯಾಕೆ ಹೇಳಲಿಲ್ಲವೆಂದರೆ, ಇದನ್ನು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು.

ಯುದ್ಧ ಮುಗಿದ ಮರುವರ್ಷ ಒಂದು ಬೆಳಿಗ್ಗೆ ಮೇಷ್ಟ್ರು ಕೋಲಾರದ ನನ್ನ ಮನೆಗೆ ಬಂದರು. ಅದೇ ಕೋಟು, ಬಣ್ಣ ಮಾತ್ರ ಇರಲಿಲ್ಲ. ಕೈಚೀಲದ ತುಂಬ ಅವರೇಕಾಯಿ ತಂದಿದ್ದರು. ಕಾಫಿ ಕೊಟ್ಟೆ. ಬಹಳ ಹೊತ್ತು ನನ್ನ ಶಾಲೆಯ ವಿಷಯ ಕೇಳಿದರು, ಬೆಂಚು ಹಂಚಿದ್ದೀಯಾ ಎಂದರು. ಆಮೇಲೆ ಬಟ್ಟಲು ಕೆಳಗಿಟ್ಟು, "ನಮ್ಮ ಚಿಕ್ಕವಳು ಮಿಡ್ಲ್ ಸ್ಕೂಲು ಪಾಸಾದಳು ಕಣಮ್ಮ. ಹೈಸ್ಕೂಲು ಓದ್ತೀನಿ ಅಂತಾಳೆ. ನಿನ್ನ ಮನೇಲಿ ಒಂದು ಮೂಲೆ ಇದ್ರೆ ಸಾಕು" ಎಂದರು. ನನಗೆ ಗೊತ್ತಿದ್ದ ಮಟ್ಟಿಗೆ ಆ ಮನುಷ್ಯ ಯಾರನ್ನಾದರೂ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ಮನೆಯಲ್ಲಿ ಮೂರು ಕೋಣೆ. ಮೂರನೆಯದರಲ್ಲಿ ನನ್ನ ಗಂಡನ ಸೈಕಲ್ಲೂ ಎರಡು ಮೂಟೆ ರಾಗಿಯೂ ಇದ್ದವು. ನಾನು ಅತ್ತೆಯ ಕಾಯಿಲೆ ಹೇಳಿದೆ. ಅಕ್ಕಿಯ ರೇಷನ್ ಹೇಳಿದೆ. ಇಲ್ಲ ಎಂದು ಮಾತ್ರ ಅನ್ನಲಿಲ್ಲ, ಅಷ್ಟು ಒರಟಳೇ ನಾನು! ಬಹಳ ಇನ್‌ಕನ್ವೀನಿಯೆಂಟ್ ಆಗುತ್ತೆ ಮೇಷ್ಟ್ರೇ ಎಂದೆ. ಅವರು ಕಲಿಸಿದ್ದನ್ನು ಅವರ ಮುಂದೆಯೇ ಒಪ್ಪಿಸಿದೆ, ಒಂದು ಅಕ್ಷರ ತಪ್ಪಿರಲಿಲ್ಲ.

"ಅದಕ್ಕೇನಂತೆ" ಎಂದರು. ಕಾಫಿ ಬಹಳ ಚೆನ್ನಾಗಿತ್ತು ಎಂದರು. ಅವರೇಕಾಯಿ ಎಳೆಯದು, ಇವತ್ತೇ ಮಾಡಿಬಿಡು ಎಂದು ಹೇಳಿ ಮೆಟ್ಟಿಲಿಳಿದರು. ಅವರೇಕಾಯಿ ಹುಳಿ ಮಾಡಿದೆ. ನನ್ನ ಅತ್ತೆ, ಆ ಕಾಯಿಲೆಯವರು, ಎರಡು ಸಲ ಬಡಿಸಿಕೊಂಡರು.

ಸಭೆ ಮುಗಿದ ಮೇಲೆ ಗಾಣದ ಹಿಂದಿನ ಮನೆಗೆ ಹೋದೆ. ಹೋಗದೆ ಬಸ್ಸು ಹತ್ತಬಹುದಿತ್ತು, ಕಾಲು ಕೇಳಲಿಲ್ಲ. ಮೇಷ್ಟ್ರ ಹೆಂಡತಿ ಬಾಮ್ಮ ಎಂದು ಚಾಪೆ ಹಾಸಿದರು. ಕೋಣೆಯ ಇನ್ನೊಂದು ಪಕ್ಕದಲ್ಲಿ ಏಳೆಂಟು ಹೆಣ್ಣುಮಕ್ಕಳು ಕೂತು ಕಾಪಿ ಬರೆಯುತ್ತಿದ್ದರು. ಚಿಕ್ಕವಳು ಅವರಿಗೆ ಪಾಠ ಹೇಳುತ್ತಿದ್ದಳು. ಹದಿನಾರು ವರ್ಷ, ಅಪ್ಪನದೇ ಹಣೆ, ಅಮ್ಮನದೇ ಕಣ್ಣು. ನನ್ನನ್ನು ನೋಡಿ ಎದ್ದು ಬಂದಳು.

ಮೂರು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಅವಳಿಗೆ ಹೇಳಿಬಿಟ್ಟೆ. ನನ್ನ ಜೊತೆ ಕೋಲಾರಕ್ಕೆ ಬಾ, ನಮ್ಮ ಮನೆಯಲ್ಲೇ ಇರು, ಹೈಸ್ಕೂಲಿಗೆ ನಾನೇ ಸೇರಿಸುತ್ತೇನೆ, ಒಂದು ಕೋಣೆ ನಿನಗೇ ಬಿಟ್ಟುಕೊಡುತ್ತೇನೆ ಎಂದೆ. ಸೈಕಲ್ಲಿನ ಮಾತು ಎತ್ತಲಿಲ್ಲ.

ಹುಡುಗಿ ತಲೆ ತಗ್ಗಿಸಲಿಲ್ಲ. ಧ್ವನಿ ನಡುಗಲಿಲ್ಲ.

"ಇಲ್ಲ ಅಕ್ಕ, ನಾನು ಬರೋಲ್ಲ. ಅಪ್ಪ ಅಷ್ಟೂ ಪಾಠ ಮನೇಲೇ ಹೇಳಿಕೊಟ್ಟಿದ್ದಾರೆ. ಬರೋ ವರ್ಷ ಪರೀಕ್ಷೆಗೆ ಖಾಸಗಿಯಾಗಿ ಕಟ್ತೀನಿ. ಇವರನ್ನ ಬಿಟ್ಟು ಬರೋಕಾಗಲ್ಲ" ಎಂದು ಹಿಂದೆ ಕೂತಿದ್ದವರ ಕಡೆ ತೋರಿಸಿದಳು. ನನ್ನ ಮೇಲೆ ಕೋಪವೂ ಇರಲಿಲ್ಲ ಅವಳಿಗೆ. ಅದಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗಿರುತ್ತಿತ್ತು.

"ದೀನಿಕಿ ಚಿನ್ನಪ್ಪುಡೇ ವಚ್ಚಿಂದಮ್ಮಾ" ಎಂದರು ಅವಳಮ್ಮ. ಇವಳಿಗೆ ಚಿಕ್ಕಂದಿನಲ್ಲೇ ಬಂದುಬಿಟ್ಟಿತು, ಎಂದು. ಅಂದು ಗಾಡಿ ಹತ್ತುವಾಗಿನ ಅದೇ ಮುಖ.

ನಾನು ಎದ್ದು ಸೆರಗು ಸರಿಮಾಡಿಕೊಂಡೆ. ಏನಾದರೂ ಹೇಳಬೇಕಲ್ಲ, ಅದಕ್ಕೇನಂತೆ ಎಂದೆ. ಆ ಮನೆಯಲ್ಲಿ ಆ ಮಾತನ್ನು ನನಗಿಂತ ಕೆಟ್ಟದಾಗಿ ಆಡಿದವರು ಯಾರೂ ಇರಲಾರರು.